ಲೆಕ್ಕದ ಕೆಲಸಕ್ಕೆ ಒಲವು ಮೊದಲೇ ಇರಬೇಕೆ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳನ್ನೂ ಹೆತ್ತವರನ್ನೂ ಉದ್ದೇಶಿಸಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಂ.

 

ವಾಣಿಜ್ಯ ವಿಭಾಗದ ಅರ್ಜಿಗಳ ಸಂದರ್ಶನದ ದಿನ ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲೆಲ್ಲ, ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಈಗ, ನಮ್ಮ ಮಗುವಿಗೆ ಇದರಲ್ಲಿ ಪ್ಯಾಶನ್ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಇಲ್ಲದಿದ್ದರೆ ಮುಂದೆ ಕಷ್ಟವಾಗುವುದಿಲ್ಲವೇ ಎಂದು ಕೇಳುತ್ತಾರೆ. ಮಕ್ಕಳೂ ಆ ಪದವನ್ನು ಕಲಿತೇ ಬರುತ್ತಾರೆ. ಅಕೌಂಟ್ಸ್ ಯಾಕೆ ಆರಿಸಿಕೊಂಡಿರಿ ಎಂದರೆ, ಚಿಕ್ಕಂದಿನಿಂದಲೂ ನನಗೆ ಅಕೌಂಟ್ಸ್ ಎಂದರೆ ಪ್ರಾಣ ಎಂದು ಒಬ್ಬರ ಹಿಂದೆ ಒಬ್ಬರು ಹೇಳುತ್ತಾರೆ. ನಮ್ಮಲ್ಲಿ ಮಗುವಿಗೆ ಅಕೌಂಟ್ಸ್ ಎಂಬ ವಿಷಯದ ಪರಿಚಯವಾಗುವುದೇ ಪಿ.ಯು.ಸಿ.ಯ ಮೊದಲ ವರ್ಷದಲ್ಲಿ. ಚಿಕ್ಕಂದಿನ ಒಲವು ಎಲ್ಲಿಂದ ಬರಬೇಕು?

ಮಕ್ಕಳನ್ನು ನಾವು ದೂರುವುದಿಲ್ಲ. ಒಲವು ಇಲ್ಲ ಎಂದರೆ ವಿದ್ಯಾರ್ಥಿವೇತನ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಆದರೆ ಈ ಪ್ರಶ್ನೆ ಚಿಕ್ಕದಲ್ಲ. ಟ್ರಸ್ಟಿನ ಹಣಕ್ಕೆ ಮಿತಿ ಇದೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ ಎನ್ನಬೇಕಾಗುತ್ತದೆ. ಒಲವನ್ನೇ ಅಳತೆಗೋಲು ಮಾಡಿದರೆ, ಚೆನ್ನಾಗಿ ಮಾತಾಡಬಲ್ಲ ಮಗು ಮುಂದೆ ಬರುತ್ತದೆ; ಮಾತು ಬಾರದ, ಆದರೆ ಕುಳಿತು ಕೆಲಸ ಮಾಡಬಲ್ಲ ಮಗು ಹಿಂದೆ ಉಳಿಯುತ್ತದೆ. ಆದ್ದರಿಂದ ಲೆಕ್ಕಪತ್ರದ ವೃತ್ತಿಗೆ ಒಲವು ಬೇಕೇ, ಬೇಕಾದರೆ ಯಾವಾಗ ಬೇಕು ಎಂಬ ಬಗ್ಗೆ ಸಮಿತಿಯಲ್ಲಿ ನಾವು ಕುಳಿತು ಯೋಚಿಸಿದ್ದನ್ನು ಇಂದು ತಮ್ಮ ಮುಂದೆ ಇಡುತ್ತೇವೆ.

ಮೊದಲು ನಮ್ಮ ಗ್ರಂಥದ ಕಡೆ ನೋಡೋಣ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದರ ಬಗ್ಗೆ ಇದೆ ಎಂಬುದು ಇಲ್ಲಿರುವ ಮದ್ರಸದ ಮಕ್ಕಳಿಗೆ ಗೊತ್ತಿರಬಹುದು. ಅದು ಅಲ್ ಬಕರ ಅಧ್ಯಾಯದ 282ನೇ ವಚನ. ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇರುವಂಥದ್ದು. ಬರೆಯುವವನು ನ್ಯಾಯವಾಗಿ ಬರೆಯಬೇಕು, ಬರೆಯಲು ಬಲ್ಲವನು ಹಿಂಜರಿಯಬಾರದು, ಸಾಲದ ಹೊಣೆ ಹೊತ್ತವನು ತಾನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂಬುದೆಲ್ಲ ಅದರಲ್ಲಿದೆ. ಜೊತೆಗೆ ಇನ್ನೊಂದು ಮಾತಿದೆ: ಮೊತ್ತ ಸಣ್ಣದಾದರೂ ದೊಡ್ಡದಾದರೂ ಬರೆದಿಡಲು ಬೇಸರಪಡಬಾರದು ಎಂಬ ಆದೇಶ. ನಾವು ಈ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಲೆಕ್ಕ ಬರೆಯುವುದು ಬೇಸರ ತರಬಹುದಾದ ಕೆಲಸ ಎಂಬುದು ಅದರಲ್ಲೇ ಇದೆ. ಅದನ್ನು ಪ್ರೀತಿಸಿರಿ ಎಂದು ಕೇಳಿಲ್ಲ. ಬೇಸರಕ್ಕೆ ಸೋಲಬೇಡಿರಿ ಎಂದು ಕೇಳಲಾಗಿದೆ.

ಇನ್ನೊಂದು ಉದಾಹರಣೆ ಪ್ರವಾದಿ ಯೂಸುಫ್ (ಅ) ಅವರದ್ದು. ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತಮಗೆ ವಹಿಸಬೇಕೆಂದು ಅವರು ಅರಸನನ್ನು ಕೇಳಿದಾಗ ತಮ್ಮ ಎರಡು ಅರ್ಹತೆಗಳನ್ನು ಮುಂದಿಟ್ಟರು: ಜೋಪಾನ ಮಾಡಬಲ್ಲೆ, ವಿಷಯ ಬಲ್ಲೆ. ಒಂದು ಅಮಾನತಿನ ಗುಣ, ಇನ್ನೊಂದು ಜ್ಞಾನ. ಮುಂದೆ ಬರಲಿದ್ದ ಏಳು ವರ್ಷಗಳ ಬರಗಾಲಕ್ಕೆ ಒಂದು ದೇಶದ ಧಾನ್ಯವನ್ನು ಕಾದಿಡುವ ಕೆಲಸಕ್ಕೆ ಬೇಕಾದದ್ದು ಅವೆರಡು. ಲೆಕ್ಕ ಇಡುವ ಯಾರಿಗೇ ಆದರೂ ಇಂದಿಗೂ ಅವೇ ಎರಡು ಬೇಕು.

ಈ ಗುಣ ದೊಡ್ಡ ಕಚೇರಿಗಳಲ್ಲಿ ಮಾತ್ರ ಇರುವುದಲ್ಲ. ನಮ್ಮಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಬ್ರಾಂಚಿನಿಂದ ಎಷ್ಟು ಎಲೆ ತಂದದ್ದು, ಎಷ್ಟು ಹೊಗೆಸೊಪ್ಪು, ಕಟ್ಟಿ ಕೊಟ್ಟದ್ದು ಎಷ್ಟು ಸಾವಿರ, ಸರಿಯಿಲ್ಲ ಎಂದು ತೆಗೆದದ್ದು ಎಷ್ಟು, ಕೈಗೆ ಬಂದ ಮಜೂರಿ ಎಷ್ಟು - ಇದೆಲ್ಲ ಒಂದು ಪುಸ್ತಕದಲ್ಲಿ ಇರುತ್ತದೆ, ಇಲ್ಲವೇ ಅವರ ತಲೆಯಲ್ಲಿ ಇರುತ್ತದೆ. ಒಳಗೆ ಬಂದ ಸಾಮಾನು, ಹೊರಗೆ ಹೋದ ಸಾಮಾನು, ನಷ್ಟ, ಬರತಕ್ಕ ಹಣ: ಕಾಲೇಜಿನಲ್ಲಿ ಸ್ಟಾಕ್ ರಿಜಿಸ್ಟರ್ ಎಂದು ಕಲಿಸುವುದು ಇದನ್ನೇ. ಬೀಡಿಯ ಲೆಕ್ಕದಲ್ಲಿ ನನಗೆ ಒಲವಿದೆ ಎಂದು ಯಾವ ಉಮ್ಮನೂ ಹೇಳಿದ್ದನ್ನು ನಾವು ಕೇಳಿಲ್ಲ. ಲೆಕ್ಕ ತಪ್ಪಿದರೆ ಮನೆಯ ಅಕ್ಕಿ ಕಡಿಮೆಯಾಗುತ್ತದೆ. ಅದಕ್ಕೆ ಅವರು ತಪ್ಪಲು ಬಿಡುವುದಿಲ್ಲ. ಸಂದರ್ಶನದಲ್ಲಿ ಅಂಥ ಮನೆಯ ಹುಡುಗಿಯೊಬ್ಬಳು, ಇಷ್ಟವೋ ಇಲ್ಲವೋ ಹೇಳಲು ಬರುವುದಿಲ್ಲ, ಆದರೆ ಉಮ್ಮನ ಪುಸ್ತಕ ನಾನೇ ನೋಡುವುದು ಎಂದಾಗ, ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ನಮ್ಮ ಊರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತವರು ಎನ್ನುತ್ತಾರೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಅನ್ನು ಆರಂಭಿಸಿದರು. ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕ್ ಹುಟ್ಟಿತು. 1924ರಲ್ಲಿ ಮಂಗಳೂರಿನಲ್ಲೇ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್ ಬಂದವು. ಇವುಗಳನ್ನು ಕಟ್ಟಿದವರು ಯಾರು ನೋಡಿ. ಹಾಜಿ ಅಬ್ದುಲ್ಲಾ ಸಾಹೇಬರು ವ್ಯಾಪಾರಿ, ಸುಬ್ಬರಾವ್ ಪೈಯವರು ವಕೀಲರು. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಉಪೇಂದ್ರ ಪೈಯವರು ಉದ್ಯಮಿ, ವಾಮನ ಕುಡ್ವರು ಎಂಜಿನಿಯರ್, ಟಿ.ಎಂ.ಎ. ಪೈಯವರು ವೈದ್ಯರು. ಅಂಕಿಗಳ ಮೇಲಿನ ಮೋಹ ಇವರನ್ನು ಒಟ್ಟುಗೂಡಿಸಲಿಲ್ಲ. ಜನರಲ್ಲಿ ಉಳಿತಾಯದ ಅಭ್ಯಾಸ ಬರಬೇಕು, ಕಷ್ಟದಲ್ಲಿರುವ ನೇಕಾರರಿಗೆ ಬಂಡವಾಳ ಸಿಗಬೇಕು ಎಂಬಂಥ ಅಗತ್ಯಗಳು ಅವರ ಮುಂದಿದ್ದವು.

ಹಾಜಿ ಸಾಹೇಬರ ಬ್ಯಾಂಕು ಆರಂಭವಾದದ್ದು 5,000 ರೂಪಾಯಿ ಬಂಡವಾಳದಿಂದ. ಮೊದಲ ದಿನದ ಕೊನೆಯಲ್ಲಿ ಅಲ್ಲಿದ್ದ ಸಂಪನ್ಮೂಲ 38 ರೂಪಾಯಿ 13 ಆಣೆ 2 ಪೈ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಎಂದರೆ ಎರಡು ಪೈ ಎಂಬುದು ರೂಪಾಯಿಯ 96ನೇ ಒಂದು ಪಾಲು. ಅದನ್ನೂ ಬಿಡದೆ ಒಬ್ಬರು ಬರೆದರು. ಅವರ ಹೆಸರು ಯಾರ ನೆನಪಿನಲ್ಲೂ ಇಲ್ಲ. ಅವರು ಬರೆದ ಕಾರಣದಿಂದ ನೂರು ವರ್ಷ ಕಳೆದ ಮೇಲೂ ನಾವು ಆ ಮೊತ್ತವನ್ನು ಪೈಯವರೆಗೆ ಹೇಳಬಲ್ಲೆವು. ಹಾಗೆಯೇ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಆರಂಭಿಸಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸತೊಡಗಿದರು. ಅಂಗಡಿಯವರು, ಕೂಲಿಯವರು ಆ ಏಜೆಂಟರ ಕೈಗೆ ದಿನವೂ ಹಣ ಕೊಟ್ಟದ್ದು, ನಾಳೆ ಪುಸ್ತಕ ನೋಡಿದರೆ ಅದು ಅಲ್ಲಿರುತ್ತದೆ ಎಂಬ ನಂಬಿಕೆಯಿಂದ.

ಈ ಬ್ಯಾಂಕುಗಳಲ್ಲಿ ಹಲವು ಈಗ ಆ ಹೆಸರಿನಲ್ಲಿ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಮಕ್ಕಳೇ, ಸಂಸ್ಥೆಯ ಹೆಸರು ನೆಚ್ಚಿಕೊಂಡು ವೃತ್ತಿ ಆರಿಸಬೇಡಿ. ಬೋರ್ಡು ಬದಲಾಗುತ್ತದೆ, ಕಲಿತ ಕೆಲಸ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಇನ್ನು ಈ ಕೆಲಸ ದಿನನಿತ್ಯ ಹೇಗಿರುತ್ತದೆ ಎಂದು ಹೇಳಬೇಕು, ಏಕೆಂದರೆ ಹೆಚ್ಚಿನ ಮಕ್ಕಳು ಸಿ.ಎ. ಎಂಬ ಎರಡು ಅಕ್ಷರಗಳನ್ನು ನೋಡಿರುತ್ತಾರೆ, ಕೆಲಸವನ್ನು ನೋಡಿರುವುದಿಲ್ಲ. ಬಂದರಿನ ಒಂದು ಸಗಟು ಮಳಿಗೆಯ ಲೆಕ್ಕ ಎಂದು ಇಟ್ಟುಕೊಳ್ಳಿ. ಬಿಲ್ಲುಗಳನ್ನು ಟ್ಯಾಲಿಗೆ ಹಾಕಬೇಕು. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ಯಾಕೆ ತಾಳೆಯಾಗುವುದಿಲ್ಲ ಎಂದು ಒಂದೊಂದೇ ಸಾಲು ನೋಡಬೇಕು. ಜಿ.ಎಸ್.ಟಿ. ರಿಟರ್ನಿನ ಗಡುವು ತಿಂಗಳು ತಿಂಗಳೂ ಬರುತ್ತದೆ. ಮಾರ್ಚ್ ಕೊನೆಯಲ್ಲಿ ಗೋದಾಮಿಗೆ ಹೋಗಿ ಮೂಟೆ ಎಣಿಸಬೇಕು. ಬಿಲ್ಲು ಕಳೆದಿದೆ ಎನ್ನುವವರನ್ನು ಮರ್ಯಾದೆಯಿಂದಲೇ ಮತ್ತೆ ಮತ್ತೆ ಕೇಳಬೇಕು. ಇದರಲ್ಲಿ ಬಹುಪಾಲು ಸಮಯ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಒಲವು ಇರುವವರಿಗೂ ಇಲ್ಲದವರಿಗೂ ಅದೇ ಬಿಲ್ಲು, ಅದೇ ಗಡುವು.

ಹಾಗಾದರೆ ಇದು ಬರೀ ನೊಗ ಎಳೆಯುವ ಕೆಲಸವೇ? ಅಲ್ಲ. ಒಂದು ಸಣ್ಣ ಉದಾಹರಣೆ ಹೇಳುತ್ತೇವೆ. ಎರಡು ಕಡೆಯ ಮೊತ್ತ ತಾಳೆಯಾಗದೆ 540 ರೂಪಾಯಿ ವ್ಯತ್ಯಾಸ ಬಂತು ಎನ್ನಿ. ಹೊಸಬರು ಮೊದಲ ಪುಟದಿಂದ ಮತ್ತೆ ಕೂಡಿಸುತ್ತಾರೆ. ಅನುಭವಿಗಳು ಮೊದಲು ಅದನ್ನು 9ರಿಂದ ಭಾಗಿಸಿ ನೋಡುತ್ತಾರೆ. ಶೇಷವಿಲ್ಲದೆ ಭಾಗ ಹೋದರೆ, ಎಲ್ಲೋ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರಬಹುದು ಎಂದು ಸಂಶಯಪಡುತ್ತಾರೆ. 6,931 ಎಂದು ಬರೆಯಬೇಕಾದಲ್ಲಿ 6,391 ಎಂದು ಬರೆದರೆ ವ್ಯತ್ಯಾಸ ಸರಿಯಾಗಿ 540. ಅಂಕಿಗಳು ಹೀಗೆ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇದನ್ನು ಮೊದಲ ಸಲ ತಾನೇ ಹಿಡಿದ ಹುಡುಗನಿಗೆ ಆಗುವ ಸಂತೋಷ ಇದೆಯಲ್ಲ, ಅದೇ ಒಲವಿನ ಮೊಳಕೆ. ಅದು ಕೆಲಸಕ್ಕೆ ಕೂರುವ ಮೊದಲು ಇರಲಿಲ್ಲ. ಕೈ ಪಳಗಿದ ಮೇಲೆ ಬಂತು. ಈಜು ಬಾರದವರಿಗೆ ನೀರಿನ ಮೇಲೆ ಹೆದರಿಕೆ ಇರುವುದು ಸಹಜ. ನಾಲ್ಕು ದಿನ ಕೈಕಾಲು ಬಡಿದ ಮೇಲೆ ಅವರನ್ನು ಹೊಳೆಯಿಂದ ಮೇಲೆ ಕರೆಯುವುದೇ ಕಷ್ಟ. ಬಹುಪಾಲು ವೃತ್ತಿಗಳಲ್ಲಿ ಪ್ರೀತಿ ಹುಟ್ಟುವುದು ಹೀಗೆ.

ಆದರೆ ಒಲವು ಲೆಕ್ಕಕ್ಕೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅದು ಬೇಕಾಗುವ ಒಂದು ಜಾಗ ಇದೆ, ಅದು ಸೋಲಿನ ಜಾಗ. ಸಿ.ಎ. ದಾರಿಯನ್ನು ಹೆತ್ತವರು ಸ್ಪಷ್ಟವಾಗಿ ತಿಳಿದಿರಬೇಕು. ಪಿ.ಯು.ಸಿ. ಮುಗಿಸಿ ಫೌಂಡೇಶನ್‌ನಿಂದ ಹೋಗುವವರಿಗೆ ಅಲ್ಲಿ 4 ಪತ್ರಿಕೆಗಳು. ಆಮೇಲೆ ಇಂಟರ್‌ಮೀಡಿಯಟ್‌ನಲ್ಲಿ 6, ಫೈನಲ್‌ನಲ್ಲಿ 6. ಎರಡೂ ಕಡೆ ತಲಾ ಎರಡು ಗ್ರೂಪುಗಳು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟಿನಲ್ಲಿ ಶೇ. 50 ಅಂಕ ಬೇಕು. ಬಿ.ಕಾಂ.ನಲ್ಲಿ ಶೇ. 55 ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯಟ್‌ಗೆ ಸೇರಬಹುದು. ಕೇಳಲು ಇಷ್ಟೇ. ಆದರೆ ಪ್ರತಿ ಸಲವೂ ಬರೆದವರಲ್ಲಿ ಬಹುಪಾಲು ಮಕ್ಕಳು ಮತ್ತೆ ಬರೆಯಬೇಕಾಗುತ್ತದೆ. ಕಾಲೇಜಿನಲ್ಲಿ ಯಾವತ್ತೂ ಮೊದಲ ಬೆಂಚಿನಲ್ಲಿದ್ದವರು ಜೀವನದಲ್ಲಿ ಮೊದಲ ಸಲ ಫೇಲ್ ಎಂಬ ಪದ ನೋಡುವುದು ಇಲ್ಲಿ.

ಎರಡನೆಯ ಸಲವೂ ಫಲಿತಾಂಶ ಸರಿಯಾಗಿ ಬಾರದ ರಾತ್ರಿ ಆ ಮಗುವನ್ನು ಏನು ಹಿಡಿದಿಡುತ್ತದೆ? ಊರಿನವರ ಹೊಗಳಿಕೆ ಆಗ ಇರುವುದಿಲ್ಲ. ಒಳಗೆ ಸ್ವಲ್ಪವಾದರೂ ಆಸಕ್ತಿ ಇದ್ದರೆ ಬೆಳಿಗ್ಗೆ ಪುಸ್ತಕ ತೆರೆಯುವುದು ಸುಲಭವಾಗುತ್ತದೆ. ಆಸಕ್ತಿ ಇನ್ನೂ ಹುಟ್ಟಿಲ್ಲದವರಿಗೆ ಮನೆಯವರ ಸಮಾಧಾನ, ಒಬ್ಬ ಹಿರಿಯರ ಮಾರ್ಗದರ್ಶನ, ಮುಂದಿನ ಸಲದ ಶುಲ್ಕ - ಇವು ಹಿಡಿದಿಡಬೇಕು. ಫೇಲ್ ಎಂದರೆ ಎಲ್ಲ ಹೋಯಿತು ಎಂದೂ ಅಲ್ಲ. ಇಂಟರ್‌ಮೀಡಿಯಟ್‌ನಲ್ಲಿ ಒಂದು ಗ್ರೂಪು ಪಾಸಾದರೆ ಅದು ಪಾಸೇ. ಪಾಸಾಗದ ಗ್ರೂಪಿನಲ್ಲೂ ಒಂದು ಪತ್ರಿಕೆಗೆ 60 ಅಂಕ ಬಂದಿದ್ದರೆ ಮುಂದಿನ ಮೂರು ಪ್ರಯತ್ನಗಳಲ್ಲಿ ಆ ಪತ್ರಿಕೆಗೆ ವಿನಾಯಿತಿ ಸಿಗುತ್ತದೆ. ಸಿ.ಎ. ಬೇಡ ಎನಿಸಿದರೂ ಕಲಿತದ್ದು ವ್ಯರ್ಥವಲ್ಲ. ಅಂಗಡಿ, ಆಸ್ಪತ್ರೆ, ಶಾಲೆ, ಮೀನು ರಫ್ತು ಮಾಡುವ ಕಂಪೆನಿ, ಗಲ್ಫಿನ ಕಚೇರಿ ಎಲ್ಲದಕ್ಕೂ ಲೆಕ್ಕ ಬಲ್ಲವರು ಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಹೆತ್ತವರು ದಯವಿಟ್ಟು ಗಮನಿಸಬೇಕು. ಒಲವು ಇಲ್ಲದಿರುವುದು ಬೇರೆ, ಒಗ್ಗದಿರುವುದು ಬೇರೆ. ಒಲವು ಇಲ್ಲದ ಮಗು ಒಂದು ಗಂಟೆ ಕುಳಿತು ಲೆಕ್ಕ ಮುಗಿಸಿ ಎದ್ದು ಆಟಕ್ಕೆ ಹೋಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಒಗ್ಗದ ಮಗುವಿಗೆ ಪುಸ್ತಕ ಕಂಡರೆ ಊಟ ಸೇರುವುದಿಲ್ಲ, ಒಂದೂವರೆ ವರ್ಷ ಪ್ರಯತ್ನಪಟ್ಟರೂ ಜಮೆ ಯಾವುದು ಖರ್ಚು ಯಾವುದು ಎಂಬುದು ಮನಸ್ಸಿಗೆ ಹತ್ತುವುದಿಲ್ಲ, ಪರೀಕ್ಷೆಯ ವಾರ ಜ್ವರ ಬರುತ್ತದೆ. ಅಂಥ ಮಗುವನ್ನು, ಪಕ್ಕದ ಮನೆಯವರ ಮಗ ಸಿ.ಎ. ಮಾಡಿದ ಎಂಬ ಕಾರಣಕ್ಕೆ ಕಟ್ಟಿ ಹಾಕಬೇಡಿ. ಸಂದರ್ಶನದಲ್ಲಿ ತಂದೆಯೇ ಎಲ್ಲ ಉತ್ತರ ಹೇಳಿ ಮಗ ನೆಲ ನೋಡುತ್ತಾ ಕುಳಿತರೆ ನಮಗೆ ಅರ್ಥವಾಗುತ್ತದೆ. ಅಂಥ ಮಕ್ಕಳನ್ನು ನಾವು ಪ್ರತ್ಯೇಕವಾಗಿ ಮಾತಾಡಿಸುತ್ತೇವೆ. ಬೇರೆ ಕೋರ್ಸಿಗೆ ಬದಲಾದರೆ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇವೆ.

ಹೆಣ್ಣುಮಕ್ಕಳ ಹೆತ್ತವರಿಗೆ ಒಂದು ಮಾತು. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಗೆ, ಅವಳಿಗೆ ಅಷ್ಟೊಂದು ಆಸಕ್ತಿ ಇಲ್ಲ, ಸಾಕು ಎಂದು ನೀವೇ ನಿರ್ಧರಿಸಬೇಡಿ. ಆಸಕ್ತಿ ಇಲ್ಲ ಎಂಬ ಮಾತು ಯಾರ ಬಾಯಿಂದ ಬಂತು ಎಂದು ಒಮ್ಮೆ ನೋಡಿ. ಅವಳನ್ನೇ ಕೇಳಿ, ಉತ್ತರ ಹೇಳಲು ಸಮಯ ಕೊಡಿ.

ಬಡ್ಡಿಯ ವಿಚಾರದಲ್ಲಿ ಕೆಲವು ಮನೆಗಳಲ್ಲಿ ಸಂಶಯ ಇದೆ ಎಂದೂ ನಮಗೆ ಗೊತ್ತು. ಯಾವ ಕೆಲಸ ಸೇರಬಹುದು, ಯಾವುದು ಬೇಡ ಎಂಬುದನ್ನು ನಿಮ್ಮ ಉಸ್ತಾದರನ್ನು, ಉಲಮಾಗಳನ್ನು ಕೇಳಿ. ನಾವು ಹೇಳುವುದಿಷ್ಟೇ: ಲೆಕ್ಕಪತ್ರದ ವಿದ್ಯೆ ಬ್ಯಾಂಕಿಗೆ ಮಾತ್ರ ಸೇರಿದ್ದಲ್ಲ. ಝಕಾತಿನ ಶೇ. 2.5 ಸರಿಯಾಗಿ ಲೆಕ್ಕ ಹಾಕಲು, ಪಾಲುದಾರಿಕೆಯ ಲಾಭ ಹಂಚಲು, ತಂದೆ ತೀರಿದ ಮೇಲೆ ಆಸ್ತಿ ಭಾಗ ಮಾಡಲು, ಮಸೀದಿಯ ಹಾಗೂ ವಕ್ಫ್ ಆಸ್ತಿಯ ಬಾಡಿಗೆಯ ಲೆಕ್ಕ ಇಡಲು ಇದೇ ವಿದ್ಯೆ ಬೇಕು. ನಮ್ಮ ಜಮಾಅತ್‌ಗಳಲ್ಲಿ ಎಷ್ಟೋ ಮನಸ್ತಾಪಗಳಿಗೆ ಕಾರಣ ಕೆಟ್ಟ ಉದ್ದೇಶವಲ್ಲ, ಬರೆದಿಡದ ಲೆಕ್ಕ.

ದಾನಿಗಳಿಗೆ ಇದು ಏಕೆ ಮುಖ್ಯ ಎಂದರೆ, ನೀವು ಕೊಟ್ಟ ಹಣವೂ ಒಂದು ಅಮಾನತ್. ಝಕಾತ್ ಎಂದು ಕೊಟ್ಟದ್ದನ್ನು ಕುರ್‌ಆನ್ ಹೇಳಿದ ಎಂಟು ವಿಧದ ಹಕ್ಕುದಾರರಿಗೆ ಮಾತ್ರ ಮುಟ್ಟಿಸಬೇಕು. ಸದಕ ಮತ್ತು ಸಾಮಾನ್ಯ ದೇಣಿಗೆಯ ಖಾತೆ ಬೇರೆ ಇರಬೇಕು. ಕಟ್ಟಡದ ಖರ್ಚು ಝಕಾತ್ ಖಾತೆಗೆ ಸೇರದಂತೆ ನೋಡುವವರು ಒಬ್ಬರು ಇರಲೇಬೇಕು. ಈ ವರದಿಯ ಕೊನೆಯ ಪುಟಗಳಲ್ಲಿರುವ ಜಮಾ-ಖರ್ಚಿನ ಪಟ್ಟಿಯನ್ನು ದಯವಿಟ್ಟು ಓದಿ, ಸಂಶಯ ಬಂದರೆ ಕೇಳಿ. ಇಂದು ಇಲ್ಲಿ ಚೆಕ್ ಪಡೆಯುವ ಮಗು ಇನ್ನು ಕೆಲವು ವರ್ಷಗಳಲ್ಲಿ ಇದೇ ಟ್ರಸ್ಟಿನ ಪುಸ್ತಕ ತೆರೆದು, ಈ ವೋಚರ್ ಎಲ್ಲಿದೆ ಎಂದು ನಮ್ಮನ್ನು ಕೇಳಿದರೆ ನಿಮ್ಮ ದಾನ ಫಲಿಸಿತು ಎಂದು ನಾವು ತಿಳಿಯುತ್ತೇವೆ. ಒಂದು ಕೋರಿಕೆಯೂ ಇದೆ. ಮೊದಲ ವರ್ಷದ ಶುಲ್ಕಕ್ಕೆ ನೆರವು ಸುಲಭವಾಗಿ ಸಿಗುತ್ತದೆ, ಮರುಪರೀಕ್ಷೆ ಬರೆಯುವವರಿಗೆ ಸಿಗುವುದು ಕಷ್ಟ. ಮುಂದಿನ ವರ್ಷದ ನೆರವಿನಲ್ಲಿ ಒಂದು ಪಾಲನ್ನು ಎರಡನೆಯ, ಮೂರನೆಯ ಪ್ರಯತ್ನದ ಮಕ್ಕಳಿಗೆ ಮೀಸಲಿಡಲು ಅನುಮತಿ ಕೊಡಿ.

ಕೊನೆಯದಾಗಿ ಮುಂದಿನ ಸಾಲಿನ ಅರ್ಜಿಯ ಬಗ್ಗೆ. ವಾಣಿಜ್ಯ ವಿಭಾಗದ ಅರ್ಜಿಯಲ್ಲಿ, ನಿಮಗೆ ಈ ವಿಷಯದಲ್ಲಿ ಎಷ್ಟು ಒಲವಿದೆ ಎಂದು ನಾವು ಕೇಳುವುದಿಲ್ಲ. ಮೂರು ವಿಷಯ ಕೇಳುತ್ತೇವೆ. ಒಂದು, ನಿಮ್ಮ ಮನೆಯ ಅಥವಾ ನಿಮ್ಮದೇ ಒಂದು ತಿಂಗಳ ಜಮಾ-ಖರ್ಚನ್ನು ಕೈಯಾರೆ ಬರೆದು ತನ್ನಿ. ಮೊತ್ತ ಎಷ್ಟೇ ಸಣ್ಣದಿರಲಿ, ತಾಳೆಯಾಗದಿದ್ದರೆ ತಾಳೆಯಾಗಿಲ್ಲ ಎಂದೇ ಬರೆಯಿರಿ, ತಿದ್ದಿ ಹೊಂದಿಸಬೇಡಿ. ಎರಡು, ಕಷ್ಟವೆನಿಸಿದ ಒಂದು ಪಾಠವನ್ನು ಹೇಗೆ ಕಲಿತಿರಿ, ಯಾರ ಸಹಾಯ ಪಡೆದಿರಿ ಎಂದು ಹತ್ತು ಸಾಲಿನಲ್ಲಿ ಬರೆಯಿರಿ. ಕನ್ನಡ, ಇಂಗ್ಲಿಷ್, ಯಾವ ಭಾಷೆಯಾದರೂ ಸರಿ. ಮೂರು, ಮೊದಲ ಪ್ರಯತ್ನದಲ್ಲಿ ಪಾಸಾಗದಿದ್ದರೆ ಏನು ಮಾಡುವಿರಿ ಎಂದು ಹೆತ್ತವರೊಂದಿಗೆ ಕುಳಿತು ಮಾತಾಡಿ, ಇಬ್ಬರೂ ಸಹಿ ಹಾಕಿ. ಸಂದರ್ಶನದಲ್ಲಿ ಬ್ಯಾರಿಯಲ್ಲೋ, ತುಳುವಿನಲ್ಲೋ, ಉರ್ದುವಿನಲ್ಲೋ ಮಾತಾಡಿದರೆ ಅಂಕ ಕಡಿಮೆಯಾಗುವುದಿಲ್ಲ. ಅರ್ಜಿ ನಮೂನೆ ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ.

ಮಕ್ಕಳೇ, ನಿಮಗೆ ಲೆಕ್ಕದ ಮೇಲೆ ಇನ್ನೂ ಪ್ರೀತಿ ಬಂದಿಲ್ಲ ಎಂದು ನಾಚಬೇಡಿ. ಇಂದು ಮನೆಗೆ ಹೋಗಿ, ಬಸ್ಸಿಗೆ ಕೊಟ್ಟದ್ದು ಎಷ್ಟು, ಚಹಾಕ್ಕೆ ಕೊಟ್ಟದ್ದು ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ನಾಳೆಯೂ ಬರೆಯಿರಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕರ ವಿದ್ಯೆಯನ್ನೂ, ವಹಿಸಿದ್ದನ್ನು ಕಾಯುವ ಗುಣವನ್ನೂ ನೀಡಲಿ, ದಾನಿಗಳ ಸಂಪತ್ತಿನಲ್ಲಿ ಬರಕತ್ ಕೊಡಲಿ, ನಮ್ಮೆಲ್ಲರ ಲೆಕ್ಕವನ್ನು ಹಗುರಗೊಳಿಸಲಿ. ಆಮೀನ್. ವಸ್ಸಲಾಮು ಅಲೈಕುಂ ವ ರಹ್ಮತುಲ್ಲಾಹ್.